ಕೋದಂಡಪ್ಪ ಕೊಟ್ಟ ಸುದ್ದಿಯನ್ನು ವಾಪಸು ತರಲು ಹೋದದ್ದು

ಕೋದಂಡಪ್ಪನ ಸೈಕಲ್ಲಿನ ಗಂಟೆ ಕೇಳಿದರೆ ಹಳ್ಳಿಯ ಹೆಂಗಸರು ಒಲೆಯ ಮುಂದಿನಿಂದ ಎದ್ದು ಬೀದಿಗೆ ಬರುತ್ತಿದ್ದರು. ಯಾರ ಮನೆಯ ಮುಂದೆ ನಿಲ್ಲುತ್ತಾನೋ ಎಂದು ಎದೆಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದರು. ತಮ್ಮ ಮನೆ ದಾಟಿ ಮುಂದೆ ಹೋದನೆಂದರೆ "ಗೋವಿಂದಾ" ಎಂದು ಒಳಗೆ ಹೋಗುತ್ತಿದ್ದರು.

ಅವನೇನು ಕೆಟ್ಟವನಲ್ಲ. ಮಾರಿಕುಪ್ಪಂ ಹತ್ತಿರದ ಚಿನ್ನದ ಗಣಿಯಲ್ಲಿ, ನೆಲದೊಳಗೆ ಆನಿಸಲು ತರುವ ಮರದ ದಿಮ್ಮಿಗಳನ್ನು ಕೂಡಿಡುವ ಅಂಗಳದಲ್ಲಿ ಅವನ ಕೆಲಸ. ಲೈನು ಎಂದು ಕರೆಯುವ ಕೂಲಿಗಳ ಸಾಲುಮನೆಗಳಲ್ಲಿದ್ದ ನಮ್ಮ ಕಡೆಯ ಜನರಲ್ಲಿ ಸೈಕಲ್ಲು ಇದ್ದದ್ದು ಅವನೊಬ್ಬನ ಹತ್ತಿರ. ಬಿಳಿ ದೊರೆಯೊಬ್ಬನ ಬಟ್ಲರ್ ಊರಿಗೆ ಹೋಗುವಾಗ ಬಿಟ್ಟುಹೋದ ಹಳೆಯದು. ಗಣಿಯೊಳಗೆ ಯಾರಿಗಾದರೂ ಏನಾದರೂ ಆದರೆ ಊರಿಗೆ ಸುದ್ದಿ ಮುಟ್ಟಿಸು ಎಂದು ಎಲ್ಲರೂ ಅವನ ಬಾಗಿಲಿಗೇ ಬರುತ್ತಿದ್ದರು. ಇಲ್ಲವೆನ್ನುವುದು ಅವನಿಗೆ ಬರುತ್ತಿರಲಿಲ್ಲ. ವರ್ಷ ಕಳೆದಂತೆ ಅದೂ ಒಂದು ಕೆಲಸವಾಯಿತು.

"ಯಮುಂಗೆ ಕೋಣ, ನಮ್ ಕೋದಂಡಪ್ಪಂಗೆ ಸೈಕಲ್ಲು" ಎಂದು ಲೈನಿನವರು ನಗುತ್ತಿದ್ದರು.

"ಕೋಣ ಮೇವು ಕೇಳ್ತದೆ ಕಣ್ಲಾ, ಇದು ಬರೀ ಎಣ್ಣೆ ಕೇಳ್ತದೆ" ಎಂದು ಅವನೂ ನಗುತ್ತಿದ್ದ.

ಸಾವಿನ ಸುದ್ದಿ ಹೇಳುವುದಕ್ಕೆ ನಮ್ಮ ಕಡೆ ಒಂದು ಕ್ರಮವಿತ್ತು. ಹೇಳುವವನು ರುಮಾಲು ತೆಗೆದು ಹೆಗಲ ಮೇಲೆ ಹಾಕಿಕೊಂಡು ಬೀದಿಯಲ್ಲೇ ನಿಲ್ಲಬೇಕು. ಹೊಸ್ತಿಲು ಮೆಟ್ಟಬಾರದು, ಆ ಮನೆಯ ನೀರು ಮುಟ್ಟಬಾರದು. ಕೋದಂಡಪ್ಪ ಇದರಲ್ಲಿ ಪಳಗಿಹೋಗಿದ್ದ. ಒಂದು ಕಾಲು ನೆಲದ ಮೇಲೆ, ಇನ್ನೊಂದು ಪೆಡಲಿನ ಮೇಲೆ. "ಇಂಥೋನು ಓದ್ನಮ್ಮ" ಎನ್ನುವುದು, ಅಳು ಏಳುವಷ್ಟರಲ್ಲಿ ಸೈಕಲ್ಲು ತಿರುಗಿಸಿಬಿಡುವುದು. "ನಿಂತ್ರೆ ನಂಗೂ ಅಳು ಬತ್ತಿತ್ತಮ್ಮ, ಅದಕ್ಕೇ ನಿಲ್ತಿರಲಿಲ್ಲ" ಎಂದು ಬಹಳ ವರ್ಷಗಳ ಮೇಲೆ ನನ್ನ ಹತ್ತಿರ ಹೇಳಿದ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮುಂಚೆ, ಒಂದು ಕಾರ್ತಿಕ ಮಾಸ. ಮದರಾಸಿನ ಕಡೆಯಿಂದ ಬರುವ ಮಳೆ ಹಿಡಿದಿತ್ತು. ಒಂದು ಗಳಿಗೆ ಹುಯ್ಯುವುದು, ಒಂದು ಗಳಿಗೆ ಜಿನುಗುವುದು, ಬಿಡುವೆಂಬುದೇ ಇಲ್ಲ. ಆ ಮಳೆಯಲ್ಲಿ ಒಂದು ಬೆಳಿಗ್ಗೆ ಗಣಿಯ ಆಳದಲ್ಲಿ ಬಂಡೆ ಸಿಡಿದು ಒಂದು ದಾರಿ ಮುಚ್ಚಿಹೋಯಿತು. ಮೇಲೆ ಬಂದ ಮುನಿಶಾಮಿ, ತಮಿಳಿನವನು, ಗೋಡೆಗೆ ಒರಗಿ ಕೂತು, "ಪೆರಿಯ ವೆಂಕಟಪ್ಪ ಪೋಯಿಟ್ಟಾಂಪಾ" ಎಂದ. ಹೆಣ ಬಂಡೆಯ ಕೆಳಗಿದೆ, ತೆಗೆಯಲು ಎಷ್ಟು ದಿನವಾಗುತ್ತದೋ ತಿಳಿಯದು.

ತಮಿಳಿನಲ್ಲಿ ಪೆರಿಯ ಎಂದರೆ ದೊಡ್ಡ. ದೊಡ್ಡವೆಂಕಟಪ್ಪ ಎಂಬ ಹೆಸರಿನವನೇ ಒಬ್ಬ ಆ ಲೈನಿನಲ್ಲಿದ್ದ. ಅವನ ಕೋಣೆಗೆ ಬೀಗ ಬಿದ್ದಿತ್ತು. ಅವನ ಊರು, ಕಾಮಸಮುದ್ರ ದಾಟಿ ಗಡಿಯ ಕಡೆಗಿರುವ ಚಿಂತಗುಟ್ಟೆ. ಕೋದಂಡಪ್ಪ ಮತ್ತೇನೂ ಕೇಳಲಿಲ್ಲ. ಅವತ್ತೇ ಹೋಗಿ ಬೀದಿಯಲ್ಲಿ ನಿಂತು, "ದೊಡ್ಡವೆಂಕಟಪ್ಪ ಓದ್ನಮ್ಮ. ದಾರಿ ಕೆಟ್ಟೈತೆ, ನೀವು ಯಾರೂ ಬರಬ್ಯಾಡ್ರಿ, ಎಣ ಸಿಕ್ಕಿದ ದಿನ ನಾನೇ ಬತ್ತೀನಿ" ಎಂದು ಹೇಳಿ ಸೈಕಲ್ಲು ತಿರುಗಿಸಿಕೊಂಡು ಬಂದ.

ಮರುದಿನ ಸಂಜೆ ಬಂಗಾರಪೇಟೆಯ ರೈಲಿನಿಂದ ಇಳಿದ ದೊಡ್ಡವೆಂಕಟಪ್ಪ ಕೊಡೆ ಹಿಡಿದುಕೊಂಡು ಲೈನಿಗೆ ನಡೆದು ಬಂದ. ಯಾರಿಗೂ ಹೇಳದೆ ಬಂಗಾರಪೇಟೆಯ ದನದ ಸಂತೆಗೆ ಹೋಗಿದ್ದನಂತೆ. ಮಳೆಯಲ್ಲಿ ನೆನೆದು ಜ್ವರ ಬಂದು ಅಲ್ಲೇ ಅಕ್ಕನ ಮನೆಯಲ್ಲಿ ಮಲಗಿದ್ದನಂತೆ. ಹೆಸರಿನಲ್ಲಿ ದೊಡ್ಡವನೇ ಹೊರತು ಮೈಯಲ್ಲಿ ನುಗ್ಗೆಕಾಯಿ. "ಏನ್ರಲಾ, ಎಲ್ಲಾ ಇಂಗೆ ನೋಡ್ತೀರ? ಯಾರಿಗೆ ಏನಾಯ್ತು?" ಎಂದ. ಒಬ್ಬಳು ಕೈಯಲ್ಲಿದ್ದ ಬಿಂದಿಗೆ ಬಿಟ್ಟು ಓಡಿದಳು.

ಮುನಿಶಾಮಿ ಹಣೆ ಚಚ್ಚಿಕೊಂಡ. "ಅಯ್ಯಯ್ಯೋ, ನಾನು ಸೊಲ್ಲಿದ್ದು ಆ ಬರೀ ವೆಂಕಟಪ್ಪನ್ನಪ್ಪಾ! ಆನೆ ಮಾದಿರಿ ಇದ್ದನಲ್ಲ, ಅವನ್ನ! ಇವನು ಪೆರಿಯವನಾ? ಇವನ್ನ ಕಾಗೆ ಎತ್ಕೊಂಡು ಓಗ್ತದೆ!"

ಇನ್ನೊಬ್ಬ ವೆಂಕಟಪ್ಪ ಕ್ಯಾಸಂಬಳ್ಳಿ ಪಕ್ಕದ ಹಳ್ಳಿಯವನು. ಮೈಕಟ್ಟು ನೋಡಿ ತಮಿಳು ಜನ ಅವನಿಗೆ ಪೆರಿಯ ಎಂದು ಸೇರಿಸಿದ್ದರು. ಸತ್ತವನು ಅವನು.

ಕೋದಂಡಪ್ಪನಿಗೆ ಆಗ ಒಂದೇ ಯೋಚನೆ. ನಾಳೆ ಮೂರನೆಯ ದಿನ. ಹೆಣ ಸಿಗಲಿ ಬಿಡಲಿ, ಚಿಂತಗುಟ್ಟೆಯಲ್ಲಿ ಹೊತ್ತು ನೆತ್ತಿಗೇರುವ ಮುಂಚೆ ದೊಡ್ಡವೆಂಕಟಪ್ಪನ ಹೆಂಡತಿ ಅಕ್ಕಯ್ಯಮ್ಮನ ಬಳೆ ಒಡೆದು ತಾಳಿ ತೆಗೆಯುತ್ತಾರೆ. ಒಂದು ಸಲ ಹಾಗೆ ತೆಗೆದ ತಾಳಿಯನ್ನು ಮತ್ತೆ ಕಟ್ಟಿದ್ದನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಕಟ್ಟಬಹುದು ಎಂದು ಹೇಳುವ ಹಿರಿಯರೂ ಇರಲಿಲ್ಲ.

"ಕ್ಯಾಸಂಬಳ್ಳಿಗೆ ಬೇರೆ ಯಾರ್ನಾದ್ರೂ ಕಳಿಸಾನ?" ಎಂದರು ಲೈನಿನವರು.

"ಬ್ಯಾಡ. ಬಾಯಿಂದ ಬಾಯಿಗೆ ಓಗಿ ಒಂದು ಸಲ ಕೆಟ್ಟದ್ದು ಸಾಕು. ಎರಡೂ ಕಡೆ ನಾನೇ ಓಯ್ತೀನಿ. ಸತ್ತೋನ ಸುದ್ದಿ ಒಂದಿನ ಕಾಯ್ತದೆ, ಬದುಕಿರೋನ್ದು ಕಾಯಲ್ಲ" ಎಂದ ಕೋದಂಡಪ್ಪ.

ಕತ್ತಲಲ್ಲಿ ಆ ದಾರಿ ಹೋಗುವಂತಿರಲಿಲ್ಲ. ಬೆಳಕು ಹರಿಯುತ್ತಲೇ ಇಬ್ಬರೂ ಹೊರಟರು. ಬದುಕಿರುವವನನ್ನೇ ಕರೆದುಕೊಂಡು ಹೋಗಿ ನಿಲ್ಲಿಸಿದರೆ ಮಾತೇ ಬೇಡ ಎಂದು ದೊಡ್ಡವೆಂಕಟಪ್ಪನನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡ. ಚಿನ್ನ ತೆಗೆದು ಉಳಿದ ಮಣ್ಣು ಸುರಿಯುವ ಸೈನೈಡ್ ದಿಬ್ಬದಿಂದ ಇಳಿದು ಬಂದ ಬೂದು ಕೆಸರಿನಲ್ಲೇ ಸೈಕಲ್ಲು ಜಾರಿ ಇಬ್ಬರೂ ಬಿದ್ದರು. ಎದ್ದು ಹತ್ತಿ, ಊರಾಚೆಯ ಇಳಿಜಾರಿನಲ್ಲಿ ಮತ್ತೆ ಬಿದ್ದರು. ದೊಡ್ಡವೆಂಕಟಪ್ಪನಿಗೆ ಜ್ವರ ಇನ್ನೂ ಬಿಟ್ಟಿರಲಿಲ್ಲ, ಹಲ್ಲು ಕಟಕಟ ಎನ್ನುತ್ತಿತ್ತು.

"ಇಂಗಾದ್ರೆ ಇಬ್ಬರ ಎಣಾನೂ ಒಟ್ಟಿಗೆ ಓಯ್ತದೆ. ನೀನು ನಿಧಾನಕ್ಕೆ ನಡ್ಕೊಂಡು ಬಾ, ನಾನು ಮುಂದಕ್ಕೆ ಓಯ್ತೀನಿ" ಎಂದ ಕೋದಂಡಪ್ಪ. ಎರಡು ಹೆಜ್ಜೆ ಹೋಗಿ ನಿಂತ. "ಲೇ, ನನ್ನ ಮಾತು ಅವರು ನಂಬಬೇಕಲ್ಲ. ನಿಮ್ಮಿಬ್ಬರಿಗೇ ಗೊತ್ತಿರೋದು ಏನಾದ್ರೂ ಏಳು."

ದೊಡ್ಡವೆಂಕಟಪ್ಪ ನೆಲ ನೋಡಿದ, ಆಕಾಶ ನೋಡಿದ. "ನೆಲುವಿನ ಮೇಲಿದ್ದ ತುಪ್ಪ ತಿಂದಿದ್ದು ಬೆಕ್ಕಲ್ಲ, ನಾನೇ ಅಂತ ಏಳಣ್ಣ" ಎಂದ.

ಐದು ಹರದಾರಿ ದಾರಿ. ಕೋದಂಡಪ್ಪ ತಲೆಗೆ ಗೋಣಿಯ ಕೊಪ್ಪೆ ಹಾಕಿಕೊಂಡಿದ್ದ. ಅದು ನೀರು ಕುಡಿದು ಮೈಗಿಂತ ಭಾರವಾಯಿತು, ತೆಗೆದು ಬೇಲಿಯ ಮೇಲೆಸೆದ. ಗಾಳಿ ಎದುರಿಗಿತ್ತು. ಕೆಮ್ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರ ತಿರುಗದೆ ನಿಲ್ಲುತ್ತಿತ್ತು. ಇಳಿದು ಕಡ್ಡಿಯಲ್ಲಿ ಕೆರೆದು ಹತ್ತುವುದು, ಮತ್ತೆ ನಿಲ್ಲುವುದು, ಮತ್ತೆ ಇಳಿಯುವುದು. ಕೊನೆಗೆ ಎರಡೂ ಮಡ್‌ಗಾರ್ಡುಗಳನ್ನು ಕಲ್ಲಿನಿಂದ ಬಡಿದು ಕಿತ್ತುಹಾಕಿದ. ಆಮೇಲೆ ಕೆಸರೆಲ್ಲ ಮುಖಕ್ಕೂ ಬೆನ್ನಿಗೂ ಹಾರತೊಡಗಿತು. ಅವನು ದೊಡ್ಡ ಭಕ್ತನೇನಲ್ಲ. ಆದರೂ ಅವತ್ತು ಒಂದೊಂದು ತುಳಿತಕ್ಕೂ ಒಂದೊಂದು ಗೋವಿಂದ ಹೇಳಿದನಂತೆ. ಹೇಳದಿದ್ದರೆ ಕಾಲು ಏಳುತ್ತಿರಲಿಲ್ಲವಂತೆ.

ಕಾಮಸಮುದ್ರ ದಾಟಿದ ಮೇಲೆ ಒಂದು ಕೆರೆ. ಅದು ಕೋಡಿ ಬಿದ್ದು ದಾರಿಯ ಮೇಲೆ ಸೊಂಟದುದ್ದ ನೀರು ಹರಿಯುತ್ತಿತ್ತು. ಏರಿಯ ಮೇಲೆ ಕಂಬಳಿ ಹೊದ್ದು ನಿಂತಿದ್ದ ಮುದುಕನೊಬ್ಬ ಅವನನ್ನು ಗುರುತು ಹಿಡಿದ.

"ಯಾರಲಾ ಸತ್ತೋರು ಇವತ್ತು?"

"ಈ ದಿಕ್ಕಲ್ಲಿ ಯಾರೂ ಸತ್ತಿಲ್ಲ ಮಾವ. ಅದನ್ನ ಏಳಕ್ಕೇ ಓಯ್ತಾ ಇವ್ನಿ."

"ಯಾರೂ ಸತ್ತಿಲ್ಲ ಅಂತ ಏಳಕ್ಕೆ ಈ ಮಳೇಲಿ ಓಯ್ತಾರೇನ್ಲಾ? ಸೈಕಲ್ ಬುಟ್ಟು ಮನೇಗೋಗು, ಜ್ವರ ಬಂದೈತೆ ನಿಂಗೆ."

ಸೈಕಲ್ಲು ಬಿಟ್ಟು ನಡೆದರೆ ಹೊತ್ತಿಗೆ ಮುಟ್ಟುವುದಿಲ್ಲ. ಕೋದಂಡಪ್ಪ ಸೈಕಲ್ಲನ್ನು ತಲೆಯ ಮೇಲೆ ಹೊತ್ತು ನೀರಿಗಿಳಿದ. ನಡುವೆ ಕಾಲು ತಪ್ಪಿತು. ಸೈಕಲ್ಲಿನ ಸಮೇತ ಮುಳುಗಿ, ಬಂಡೆಯೊಂದಕ್ಕೆ ಚಕ್ರ ಸಿಕ್ಕಿಕೊಂಡದ್ದರಿಂದ ನಿಂತ. ಮುದುಕ ಕಂಬಳಿ ಎಸೆದು ಇಳಿದು ಬಂದು ರಟ್ಟೆ ಹಿಡಿದು ಆಚೆ ದಡಕ್ಕೆ ಎಳೆದ. "ಇವನ್ಗೆ ಏಳಿದ್ದು ಯಾಕೋ ನಾನು" ಎನ್ನುತ್ತಾ ಚಳಿಯಲ್ಲಿ ನಡುಗುತ್ತಾ ತನ್ನ ಕಡೆಗೆ ವಾಪಸು ಹೋದ. ಆ ಮುದುಕನ ಹೆಸರು ಕೋದಂಡಪ್ಪನಿಗೆ ಕೊನೆಗೂ ತಿಳಿಯಲಿಲ್ಲ. ಕೆಲವರನ್ನು ದೇವರು ಹೆಸರಿಲ್ಲದೆಯೇ ಕಳಿಸುತ್ತಾನೆ.

ಚಿಂತಗುಟ್ಟೆ ಮುಟ್ಟುವಾಗ ಮೋಡದಲ್ಲಿ ಹೊತ್ತು ಎಲ್ಲಿದೆಯೆಂದೇ ಗೊತ್ತಾಗುತ್ತಿರಲಿಲ್ಲ. ಮುಂದಿನ ಚಕ್ರ ಸೊಟ್ಟಗಾಗಿ ಕುಂಟುತ್ತಿತ್ತು. ಮನೆಯ ಮುಂದೆ ಚಪ್ಪರದ ಕೆಳಗೆ ಹೆಂಗಸರು ಸೇರಿದ್ದರು. ನಡುವೆ ಮಣೆಯ ಮೇಲೆ ಅಕ್ಕಯ್ಯಮ್ಮ. ತಲೆತುಂಬ ಹೂವು, ಕೈತುಂಬ ಬಳೆ, ಹಣೆಯಲ್ಲಿ ಅಗಲ ಕುಂಕುಮ. ತೆಗೆಯುವ ಮುಂಚೆ ಕೊನೆಯ ಸಲ ಹಾಗೆ ಸಿಂಗಾರ ಮಾಡುತ್ತಾರೆ. ಸೋದರತ್ತೆ ಮುನಿಶಾಮಮ್ಮ ಪಕ್ಕದಲ್ಲಿ ಕಲ್ಲು ಇಟ್ಟುಕೊಂಡು ಕೂತಿದ್ದಳು.

ಸೈಕಲ್ಲು ಕಂಡದ್ದೇ ತಡ, "ಎಣ ಸಿಕ್ತಂತೆ!" ಎಂದು ಮುನಿಶಾಮಮ್ಮ ಬಾಯಿ ಬಡಿದುಕೊಂಡಳು. ಎಲ್ಲರೂ ಒಟ್ಟಿಗೆ ಅಳಲು ಶುರುಮಾಡಿದರು. ಕೋದಂಡಪ್ಪ ಬಾಯಿ ತೆರೆದ. ಚಳಿಗೂ ಗೋವಿಂದನಿಗೂ ಗಂಟಲು ಪೂರಾ ಕಟ್ಟಿಹೋಗಿತ್ತು. "ಇಲ್ಲ, ಇಲ್ಲ" ಎಂದದ್ದು ಅವನಿಗೇ ಕೇಳಲಿಲ್ಲ. ಅತ್ತೆ ಅಕ್ಕಯ್ಯಮ್ಮನ ಕೈ ಹಿಡಿದು ಕಲ್ಲಿನ ಕಡೆಗೆ ಎಳೆದಳು.

ಅವನು ಸೈಕಲ್ಲನ್ನು ಬೀದಿಯಲ್ಲೇ ಬೀಳಲು ಬಿಟ್ಟ. ಹೆಂಗಸರ ನಡುವೆ ನುಗ್ಗಿ ಹೊಸ್ತಿಲು ದಾಟಿ, ಕೆಸರುಮೈಯಲ್ಲೇ ಒಳಗೆ ಚಕ್ಕಳಮಕ್ಕಳ ಹಾಕಿ ಕೂತು, ಬೊಗಸೆ ಒಡ್ಡಿದ.

"ನೀರು ಕೊಡವ್ವ" ಎಂದ.

ಹತ್ತಿರವಿದ್ದವಳು ಅಳು ನಿಲ್ಲಿಸಿದಳು. ಅವಳನ್ನು ನೋಡಿ ಇನ್ನೊಬ್ಬಳು. ಚಪ್ಪರದ ಮೇಲೆ ಮಳೆ ಬೀಳುವ ಸದ್ದು ಕೇಳಿಸುವಷ್ಟು ಮೌನವಾಯಿತು. ಅಕ್ಕಯ್ಯಮ್ಮ ಅತ್ತೆಯ ಕೈಯಿಂದ ತನ್ನ ಕೈ ಬಿಡಿಸಿಕೊಂಡು, ಎದ್ದು ಹೋಗಿ, ಚೊಂಬಿನಲ್ಲಿ ನೀರು ತಂದು ಅವನ ಬೊಗಸೆಗೆ ಹುಯ್ದಳು. ಅವನು ಕುಡಿದ. ಇನ್ನೊಂದು ಸಲ ಹುಯ್ದಳು.

"ಅವನು ಬದುಕವ್ನೆ ಕಣಮ್ಮ. ನಡ್ಕೊಂಡು ಬತ್ತಾ ಅವ್ನೆ. ಎಸರು ತಿಳ್ಕೊಳ್ಳೋದ್ರಲ್ಲಿ ತಪ್ಪಾಯ್ತು."

"ಸುಳ್ಳು! ಮೊನ್ನೆ ಸತ್ತ ಅಂದ, ಇವತ್ತು ಬದುಕಿದ ಅಂತಾನೆ. ಇವನ ಮಾತು ನಂಬಿ ಶಾಸ್ತ್ರ ಬುಡಾಕಾಯ್ತದಾ?" ಎಂದಳು ಮುನಿಶಾಮಮ್ಮ.

"ನೆಲುವಿನ ಮೇಲಿದ್ದ ತುಪ್ಪ ತಿಂದಿದ್ದು ಬೆಕ್ಕಲ್ಲ, ನಾನೇ ಅಂತ ಏಳು ಅಂದ" ಎಂದ ಕೋದಂಡಪ್ಪ.

ಅಕ್ಕಯ್ಯಮ್ಮ ಗೋಡೆ ಹಿಡಿದುಕೊಂಡಳು. "ನಂಗೆ ಅವತ್ತೇ ಗೊತ್ತಿತ್ತು. ತಿಂದು ಮುಚ್ಚಳ ತಿರುಗ ಮುಚ್ಚಿಕ್ಕೋ ಬೆಕ್ಕು ಯಾವೂರಲ್ಲೈತೆ?" ಎಂದಳು. ಎಂದವಳು ಅಲ್ಲೇ ಕುಸಿದು ಕೂತು ಅತ್ತಳು. ಎರಡು ದಿನದಿಂದ ಅವಳು ಅತ್ತಿರಲೇ ಇಲ್ಲವಂತೆ.

ಚಪ್ಪರದಲ್ಲಿ ನಗು, ಕೂಗು, ಗದ್ದಲ. ಮುನಿಶಾಮಮ್ಮ ಕಲ್ಲನ್ನು ಹಿತ್ತಿಲಿಗೆ ಎಸೆದು ಬಂದಳು. ಯಾರೋ ಬೆಲ್ಲ ತಾ ಎಂದರು, ಯಾರೋ ಕಡಲೆಬೇಳೆ ಬೇಯಿಸಿ ಒಬ್ಬಟ್ಟು ಮಾಡೋಣ ಎಂದರು. ಆಗ ಅಕ್ಕಯ್ಯಮ್ಮ ಮುಖ ಒರೆಸಿಕೊಂಡು ಕೇಳಿದಳು.

"ಅಂಗಾದ್ರೆ ಸತ್ತೋನು ಯಾರಣ್ಣ?"

ಅವನು ಹೇಳಿದ. ಕ್ಯಾಸಂಬಳ್ಳಿ ಪಕ್ಕದವನು, ತಾಯಿಯೊಬ್ಬಳೇ ಇದ್ದಾಳೆ, ಮದುವೆಯಾಗಿರಲಿಲ್ಲ, ಇನ್ನೂ ಯಾರೂ ಹೇಳಿಲ್ಲ.

ಅಕ್ಕಯ್ಯಮ್ಮ ಬೆಲ್ಲ ತರಲು ಹೊರಟವಳನ್ನು ತಡೆದಳು. "ಇವತ್ತು ಸಿಹಿ ಬ್ಯಾಡ, ಮುದ್ದೆ ಸಾಕು" ಎಂದು ಹೆಂಗಸರಿಗೆ ಹೇಳಿದಳು. ಆಮೇಲೆ ಕೋದಂಡಪ್ಪನ ಕಡೆ ತಿರುಗಿ, "ಆ ತಾಯಿಗೆ ಏಳುವಾಗ ನಂಗೆ ಏಳ್ದಂಗೆ ಏಳಬ್ಯಾಡಣ್ಣ" ಎಂದಳು. ಸಿಟ್ಟಿನಿಂದಲ್ಲ. "ನೀನು ಏಳಿ ಓಗ್ಬುಟ್ಟೆ. ಎಂಗಾಯ್ತು, ಯಾವಾಗಾಯ್ತು, ನೀರು ಕೇಳಿದ್ನಾ ಅಂತ ಕೇಳಾಕೆ ಒಬ್ಬರಾದ್ರೂ ಇರಬೇಕಲ್ಲ. ನಾನು ಆ ಸೈಕಲ್ ಓದ ದಾರೀನೇ ನೋಡ್ಕೊಂಡು ಕೂತಿದ್ದೆ."

ಕೋದಂಡಪ್ಪ ಮುದ್ದೆ ಉಂಡು ಎದ್ದ.

ವಾಪಸು ಬರುವಾಗ ಕೋಡಿಯ ನೀರು ಮೊಣಕಾಲಿಗೆ ಇಳಿದಿತ್ತು. ಕೆರೆಯ ಈಚೆಗೆ ದೊಡ್ಡವೆಂಕಟಪ್ಪ ಎದುರಾದ. ಕೊಡೆ ಗಾಳಿಗೆ ಮೇಲುಮುಖವಾಗಿ ತಿರುಗಿಕೊಂಡಿತ್ತು. "ಬಳೆ?" ಎಂದ.

"ಅವೆ."

ದೊಡ್ಡವೆಂಕಟಪ್ಪ ರಸ್ತೆಯಲ್ಲೇ ಕೂತುಬಿಟ್ಟ. ತಿರುಗಿದ ಕೊಡೆಯನ್ನು ಸರಿಮಾಡುತ್ತಾ, "ತುಪ್ಪದ ವಿಚಾರಕ್ಕೆ ಏನಂದ್ಲು?" ಎಂದ.

"ಓಗು, ಕಾಯ್ತಾವ್ಳೆ" ಎಂದ ಕೋದಂಡಪ್ಪ.

ಮಾರನೆಯ ದಿನ ಜಿನುಗುವ ಮಳೆಯಲ್ಲಿ ಅವನು ಕ್ಯಾಸಂಬಳ್ಳಿ ದಾರಿ ಹಿಡಿದ. ಸೊಟ್ಟಗಾದ ಚಕ್ರ ಬಡಿದು ನೆಟ್ಟಗೆ ಮಾಡಿದ್ದ, ಆದರೆ ಬಹಳ ದೂರ ತಳ್ಳಿಕೊಂಡೇ ನಡೆದ. ಹಳ್ಳಿಯ ಹೊರಗಿನ ಹುಣಿಸೆಮರಕ್ಕೆ ಸೈಕಲ್ಲು ಒರಗಿಸಿ ಬಿಟ್ಟು, ರುಮಾಲು ತೆಗೆಯದೆ ಒಳಗೆ ಹೋದ. ಯಾರೂ ಎದ್ದು ನೋಡಲಿಲ್ಲ. ಸೈಕಲ್ಲಿಲ್ಲದ ಕೋದಂಡಪ್ಪ ಅವರಿಗೆ ದಾರಿಹೋಕ ಅಷ್ಟೆ.

ವೆಂಕಟಪ್ಪನ ತಾಯಿ ಮುತ್ಯಾಲಮ್ಮ ಜಗಲಿಯ ಮೇಲೆ ಕೂತು ರಾಗಿ ಕೇರುತ್ತಿದ್ದಳು. ಅವನು ಹೋಗಿ ಅವಳ ಪಕ್ಕದಲ್ಲಿ ಕೂತ. ಕ್ರಮಕ್ಕೆ ಅದು ತಪ್ಪು. ಆದರೂ ಕೂತ.

"ಯಾರಪ್ಪ ನೀನು? ಇಂಗೆ ನೆಂದಿದ್ದೀಯ" ಎಂದು ಮುದುಕಿ ಮೊರ ಆಡಿಸುತ್ತಲೇ ಕೇಳಿದಳು.

"ನಿನ್ನ ಮಗನ ಜೊತೆಗಾರ ಕಣವ್ವ" ಎಂದ ಕೋದಂಡಪ್ಪ. "ಮೊರ ಪಕ್ಕಕ್ಕಿಡು. ಇವತ್ತೆಲ್ಲ ನಾನು ಇಲ್ಲೇ ಇರ್ತೀನಿ."