ನಾಲ್ಕು ಚಿತ್ರಗಳ ಹಿಂದೆ

ಮುದುಕಿಯರಿಗೆ ಗೊಂದಲವಾಗಬಾರದೆಂದು ಸ್ಮೋಲ್ಯಾನ್ ಊರಿನ ವಾಚನಾಲಯ ನೋಡಿಕೊಳ್ಳುವ ಹುಡುಗ ರಾದೊಯ್, ಅಲ್ಲಿನ ಕಂಪ್ಯೂಟರಿನ ಪರದೆಯಲ್ಲಿ ಒತ್ತಿ ತೆರೆಯುವ ನಾಲ್ಕೇ ಪುಟ್ಟ ಚಿತ್ರ ಉಳಿಸಿದ್ದ. ಸ್ತೊಯ್ನಾ ಅಜ್ಜಿಗೆ ಅದು ಸಲೀಸಾಗಿಯೇ ಇತ್ತು. ಆದರೆ ತೀರಿಹೋದ ತನ್ನ ತಂಗಿ ಹಾಡಿ, ಆ ಕಂಪ್ಯೂಟರಿನಲ್ಲಿ ಧ್ವನಿಮುದ್ರಿಸಿಟ್ಟಿದ್ದ ಹಳೆಯ ಹಾಡು ಯಾವ ಚಿತ್ರ ಒತ್ತಿದರೂ ತೆರೆಯಲಿಲ್ಲ.

“ಏನೋ, ನಾಲ್ಕು ಕಾಳು ಚೆಲ್ಲಿ ಕೂರ್ಸೋಕೆ ನಾವೇನು ಕೋಳಿಗಳಾ?”

ರಾದೊಯ್ ನಕ್ಕು, ಪರದೆಯ ಮೇಲೆ ಕಪ್ಪು ಕಿಟಕಿಯೊಂದನ್ನು ತೆರೆದು ಕಂಪ್ಯೂಟರಿಗೆ ಒಂದೇ ಸಾಲಿನ ಆಜ್ಞೆ ಟೈಪಿಸಿದ. ಬಿಳಿ ಅಕ್ಷರಗಳು ಹೊಳೆಯಂತೆ ಹರಿದವು. ಬೆನ್ನಿಗೇ ತಂಗಿಯ ದನಿ ಕೋಣೆ ತುಂಬಿತು. ಅಜ್ಜಿ ಪರದೆಯತ್ತ ಬಾಗಿದಳು. ಆ ನಾಲ್ಕು ಚಿತ್ರಗಳ ಹಿಂದೆ ಇಷ್ಟು ದೊಡ್ಡ ಲೋಕವೇ ಸದ್ದಿಲ್ಲದೆ ಕಾದಿತ್ತಲ್ಲ!

“ಇದನ್ನ ಮತ್ತೆ ಮುಚ್ಚಿಬಿಡ್ಲಾ ಅಜ್ಜಿ? ಕೈತಪ್ಪಿದ್ರೆ ಎಲ್ಲಾ ಅಳಿಸ್ಹೋಗುತ್ತೆ.”

“ಬೇಡಪ್ಪಾ. ಚಿತ್ರಗಳೂ ಇರ್ಲಿ, ಪಕ್ಕದಲ್ಲೇ ಈ ಕಿಟಕೀನೂ ಇರ್ಲಿ. ಆ ಸಾಲನ್ನ ದಪ್ಪಕ್ಷರದಲ್ಲಿ ಬರ್ದುಕೊಡು. ನಾಳೆ ಅವಳ ಹಾಡನ್ನ ನಾನೇ ತೆಗೀತೀನಿ.”