ಆರನೇ ನಂಬರು ಪಕ್ಕದ ಮನೆಗೆ ಹೋದದ್ದು

ಪುಟ್ಟಿ, ಚಿನ್ನು, ನೆಟ್ ನಿಧಾನವಾಯಿತೆಂದು ಮೊನ್ನೆ ನೀವಿಬ್ಬರೂ ಸೇರಿ ಆ ಬಿಳಿ ಡಬ್ಬದ ತಲೆಗೆ ಬಾರಿಸಿದಿರಿ. ನಾನು ನೋಡಿದೆ. ಬೈಯಲಿಲ್ಲ, ಯಾಕೆಂದರೆ ಅದರ ಅಜ್ಜನಂಥ ಹಳೆಯ ಡಬ್ಬವೊಂದಕ್ಕೆ ನಾನೂ ಹಿಂದೆ ಬಾರಿಸಿದ್ದೇನೆ. ಆ ಕತೆಯನ್ನು ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ನಾಲ್ಕು ಜನ ಸೇರಿದರೆ ಬಾಗಿಲ ಹಿಂದೆ ನಿಲ್ಲುವವಳು ನಾನು. ಯಸಳೂರಿನ ಕಡೆಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದರಲ್ಲೇ ಬರೆಯುತ್ತೇನೆ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಪುಟ್ಟಿಗೆ ಒಂದೂವರೆ ವರ್ಷ, ಚಿನ್ನು ಹುಟ್ಟಿರಲಿಲ್ಲ. ಬಾಳ್ಳುಪೇಟೆಯ ಹೆದ್ದಾರಿಯ ಹಿಂದೆ ಗೋಡೆಗೆ ಗೋಡೆ ಅಂಟಿದ ಮೂರು ಮನೆಗಳಲ್ಲಿ ಕೊನೆಯದು ನಮ್ಮದು. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಮೂರು ಮನೆಯವರೂ ಸೀನುತ್ತಿದ್ದೆವು. ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ಅವರಿದ್ದಿದ್ದರೆ ವೈಫೈ ನಮ್ಮ ಮನೆಗೆ ಬರುತ್ತಲೇ ಇರಲಿಲ್ಲ. ಫೋನಿನಲ್ಲಿ ಆಲೂರಿಗೆ ಮಾತಾಡುವಾಗ ಅವರು ಕೂಗುತ್ತಿದ್ದ ರಭಸಕ್ಕೆ ತಂತಿಯೂ ಬೇಕಿರಲಿಲ್ಲ, ಫೋನೂ ಬೇಕಿರಲಿಲ್ಲ.

ಆಗಷ್ಟೇ ನನ್ನ ಸೊಸೆಗೆ, ಅಂದರೆ ನಿಮ್ಮಮ್ಮನಿಗೆ, ಮನೆಯಿಂದಲೇ ಮಾಡುವ ಕೆಲಸವೊಂದು ಸಿಕ್ಕಿತ್ತು. ಎಲ್ಲಿಯದೋ ದೇಶದ ಡಾಕ್ಟರು ತನ್ನ ರೋಗಿಯ ಬಗ್ಗೆ ಹೇಳಿದ್ದನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಿ ಟೈಪು ಮಾಡಿ ಕಳಿಸಬೇಕು. ಕಂಡು ಕೇಳರಿಯದವರ ಮೂಲವ್ಯಾಧಿ ನಮ್ಮ ಹಿಂದಿನ ಕೋಣೆಗೆ ಬಂದು ಹೋಗುತ್ತಿತ್ತು. ನಾನು ಊಟದ ಹೊತ್ತಿನಲ್ಲಿ ಇವತ್ತೇನು ಕೆಲಸ ಎಂದು ಕೇಳುವುದನ್ನು ಎರಡೇ ದಿನದಲ್ಲಿ ಬಿಟ್ಟೆ.

ಕೆಲಸಕ್ಕೆ ಒಂದು ಕಟ್ಟುಪಾಡು ಇತ್ತು. ಮೊದಲ ಮೂರು ತಿಂಗಳಲ್ಲಿ ಮೂರು ಫೈಲು ತಡವಾದರೆ ಮನೆಯಿಂದ ಮಾಡುವುದು ಬಂದ್. ಮಂಗಳೂರಿನ ಆಫೀಸಿಗೇ ಹೋಗಿ, ಹಾಸ್ಟೆಲ್ಲಿನಲ್ಲಿದ್ದು ಮಾಡಬೇಕು. ಪುಟ್ಟಿ, ನೀನಿನ್ನೂ ಹಾಲು ಬಿಟ್ಟಿರಲಿಲ್ಲ. ನಿಮ್ಮಮ್ಮ ನಿನ್ನನ್ನು ಬಿಟ್ಟು ಹೋಗಲಾರಳು, ಸ್ವಂತವಾಗಿ ಸಂಪಾದಿಸಿಕೊಂಡ ಮೊದಲ ಕೆಲಸವನ್ನೂ ಬಿಡಲಾರಳು.

ಫೋನಿನ ತಂತಿ ಬರುತ್ತಿದ್ದದ್ದು ಮುಂದಿನ ಹಜಾರಕ್ಕೆ. ಅಲ್ಲಿ ಕೂತರೆ ಹೆದ್ದಾರಿಯ ಲಾರಿಗಳ ಹಾರ್ನಿನಲ್ಲಿ ಡಾಕ್ಟರ ಮಾತು ಮುಳುಗಿಹೋಗುತ್ತಿತ್ತು. ಹಿಂದಿನ ಕೋಣೆಗೆ ವೈರು ಎಳೆದರೆ ಇಲಿಗಳು ವಾರದೊಳಗೆ ತಿಂದು ಮುಗಿಸಿದವು. ಹಾಗಾಗಿ ವೈಫೈ ಡಬ್ಬ ಬಂತು. ಹಜಾರದಲ್ಲಿ ಎತ್ತರದ ಜಾಗವೆಂದರೆ ದೇವರ ಗೂಡು. ಡಬ್ಬ ಅಲ್ಲೇ ಕೂತಿತು. ಶಿವನ ಮುಂದೆ ಉರಿಯುತ್ತಿದ್ದದ್ದು ಒಂದು ದೀಪ, ಡಬ್ಬದ ಮುಖದಲ್ಲಿ ನಾಲ್ಕು. ಒಂದು ಸೋಮವಾರ ಅಭ್ಯಾಸಬಲದಿಂದ ಅದಕ್ಕೂ ವಿಭೂತಿ ಬಳಿದುಬಿಟ್ಟೆ. ಶಿವ ಬೇಸರ ಮಾಡಿಕೊಳ್ಳಲಿಲ್ಲ. ನಿಮ್ಮಪ್ಪ ಮಾಡಿಕೊಂಡ.

ಡಬ್ಬ ಕೂರಿಸಲು ಬಂದಿದ್ದವನು ಸಕಲೇಶಪುರದ ಕಂಪ್ಯೂಟರ್ ಅಂಗಡಿಯ ಮೆಕ್ಯಾನಿಕ್. ಗಾಳಿಯಲ್ಲಿ ಹೋಗುವುದಕ್ಕೆ ಹನ್ನೊಂದು ಚಾನೆಲ್ ಇವೆ, ನಿಮ್ಮದು ಆರಕ್ಕೆ ಹಾಕಿದ್ದೇನೆ ಎಂದು ಡಬ್ಬದ ಮೇಲೆ ಆರು ಎಂದು ಬರೆದ ಚೀಟಿ ಅಂಟಿಸಿ ಹೋದ. ಫೈಲುಗಳು ಹಕ್ಕಿಗಳ ಹಾಗೆ ಹಾರಿಹೋದವು. ಹದಿನೈದು ದಿನ ಅಷ್ಟೆ.

ನಡುವಿನ ಮನೆಯವರು ಮೆಣಸಿನ ವ್ಯಾಪಾರಿಗಳು. ಆ ಮನೆಯಾಕೆಗೆ ನನ್ನದೇ ವಯಸ್ಸು. ನಾವು ಏನು ತಂದರೂ ಆಕೆಗೆ ಅದೇ ಬೇಕು. ನಾವು ಹಸಿರು ಮಿಕ್ಸಿ ತಂದರೆ ಅವರಲ್ಲೂ ಹಸಿರು ಮಿಕ್ಸಿ. ನಮ್ಮ ಬಾಗಿಲಿಗೆ ಬಳಿದ ಬಣ್ಣ ನಮಗೇ ಹಿಡಿಸಿರಲಿಲ್ಲ, ಆಕೆ ಅದನ್ನೂ ಬಳಿಸಿದರು. ವೈಫೈ ಬಂದಾಗಲೂ ಮೆಕ್ಯಾನಿಕ್ಕನಿಗೆ, ಅವರಿಗೆ ಕೊಟ್ಟಿದ್ದೇ ನಮಗೂ ಕೊಡಿ ಎಂದರಂತೆ. ಆ ಮಹಾನುಭಾವ ಡಬ್ಬವನ್ನೂ ಅದೇ ಕೊಟ್ಟ, ನಂಬರನ್ನೂ ಆರೇ ಕೊಟ್ಟ.

ಆಕೆ ದಿನಾ ಹನ್ನೊಂದರಿಂದ ಒಂದು ಗಂಟೆಯವರೆಗೆ ಅಡುಗೆಯ ವಿಡಿಯೊ ನೋಡುತ್ತಿದ್ದರು. ನಮ್ಮ ಫೈಲು ಹೋಗಬೇಕಾದದ್ದು ಹನ್ನೆರಡೂವರೆಗೆ. ಒಂದೇ ನಲ್ಲಿಯ ಮುಂದೆ ಎರಡು ಮನೆಯ ಕೊಡ ಇಟ್ಟ ಹಾಗಾಯಿತು. ಸರದಿ ಬಂದೇ ಬರುತ್ತದೆ, ಆದರೆ ಗಡಿಯಾರ ಕಾಯುವುದಿಲ್ಲ. ಮೊದಲ ಫೈಲು ತಡವಾಯಿತು.

ನಿಮ್ಮಪ್ಪ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಕೂಲಿಯವರ ಲೈನು ಮನೆಗಳ ಜಗಳ ಬಿಡಿಸಿ ಬಿಡಿಸಿ, ಇಬ್ಬರು ಜಗಳವಾಡಿದರೆ ಒಬ್ಬನನ್ನು ಎರಡು ಮನೆಯಾಚೆ ಹಾಕಿದರೆ ಸಾಕೆಂದು ನಂಬಿದ್ದವನು. ನಮ್ಮ ಡಬ್ಬವನ್ನು ಆರರಿಂದ ಎಂಟಕ್ಕೆ ಹಾಕಿದ. ಆಗ ಸರದಿಯೂ ಹೋಯಿತು. ಎರಡು ಡಬ್ಬಗಳೂ ಒಂದರ ಮೇಲೊಂದು ಮಾತಾಡಿ ಎರಡೂ ಕೇಳಿಸದ ಹಾಗಾಯಿತು. ನಾನು ಡಬ್ಬಕ್ಕೆ ಬಾರಿಸಿದ್ದು ಅವತ್ತೇ. ಎರಡನೇ ಫೈಲೂ ತಡ.

ಮೆಕ್ಯಾನಿಕ್ ಮತ್ತೆ ಬಂದ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಹತ್ತಿರದ ನಂಬರುಗಳ ಅಂಚು ಒಂದರೊಳಗೊಂದು ಹೊಕ್ಕಿರುತ್ತದಂತೆ. ಒಂದು, ಆರು, ಹನ್ನೊಂದು, ಈ ಮೂರು ಮಾತ್ರ ಒಂದನ್ನೊಂದು ತಾಗುವುದಿಲ್ಲ. ಆಚೆ ಕೊನೆಯ ಮನೆಯ ರಿಟೈರ್ಡ್ ಮೇಷ್ಟರದು ಒಂದು, ನಡುವಿನವರದು ಆರು, ನಿಮಗೆ ಹನ್ನೊಂದು ಎಂದ. ನಿಮ್ಮಪ್ಪ ತಲೆ ಕೆರೆದುಕೊಂಡ. ನನಗೆ ಮಾತ್ರ ತಟ್ಟನೆ ಅರ್ಥವಾಯಿತು. ಕಣದಲ್ಲಿ ಕಾಫಿ ಒಣಗಲು ಹರಡುವಾಗ ಒಬ್ಬರ ರಾಶಿಗೂ ಇನ್ನೊಬ್ಬರ ರಾಶಿಗೂ ನಡುವೆ ಕಾಳು ಎಳೆದು ಹರಡುವ ಗೋರುಮಣೆ ಓಡಾಡುವಷ್ಟು ಖಾಲಿ ಬಿಡುತ್ತೇವೆ. ಒತ್ತಿ ಹರಡಿದರೆ ಅರೇಬಿಕ ಯಾವುದು, ರೊಬಸ್ಟ ಯಾವುದು ಎಂದು ಆರಿಸುತ್ತ ಕೂರಬೇಕು. ಇಷ್ಟನ್ನು ಹೇಳಲು ಇಂಜಿನಿಯರ್ ಬೇಕಾಗಿರಲಿಲ್ಲ.

ಹನ್ನೊಂದರಲ್ಲಿ ನಾಲ್ಕು ದಿನ ಸುಖವಾಗಿದ್ದೆವು. ಐದನೇ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಮತ್ತೆ ಎಲ್ಲ ನಿಂತಿತು. ನಿಮ್ಮಪ್ಪ ಮೆಕ್ಯಾನಿಕ್ಕನಿಗೆ ಫೋನು ಮಾಡಿದರೆ, ಪಕ್ಕದ ಅಮ್ಮ ನೆನ್ನೆ ಕರೆಸಿ ನಿಮ್ಮ ನಂಬರೇ ಬೇಕೆಂದು ಹಾಕಿಸಿಕೊಂಡರು ಎಂದು ನಗುತ್ತಾನೆ. ನಾವು ಆರಕ್ಕೆ ಹೋದರೆ ಆಕೆಯೂ ಆರಕ್ಕೆ ಬರುತ್ತಾರೆ. ಕುಂಟೆಬಿಲ್ಲೆ ಆಡಲು ನಿಮ್ಮಮ್ಮನಿಗೆ ಪುರುಸೊತ್ತಿರಲಿಲ್ಲ. ಹನ್ನೆರಡೂವರೆಗೆ ಫೈಲು ಹೋಗಬೇಕು, ತಡವಾದರೆ ಅದು ಮೂರನೆಯದು.

ನಿಮ್ಮಪ್ಪ ನಾನೇ ಹೋಗಿ ಕೇಳುತ್ತೇನೆ ಎಂದು ಎದ್ದ. ಹಿಂದಿನ ವರ್ಷ ಬಚ್ಚಲು ನೀರಿನ ವಿಷಯಕ್ಕೆ ಹೀಗೇ ಕೇಳಲು ಹೋಗಿ, ಬರುವಾಗ ಆರು ತಿಂಗಳ ಮೌನ ತಂದಿದ್ದ. ಕೂರಿಸಿದೆ. ನಿಮ್ಮಮ್ಮ, ಪುಟ್ಟಿ, ನಿನ್ನನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಕೆಂಪು ಮಾಡಿಕೊಂಡು ಟೈಪು ಮಾಡುತ್ತಲೇ ಇದ್ದಳು. ಉಳಿದವಳು ನಾನು.

ಮೂರು ಮನೆಗೂ ಒಂದೇ ತಾರಸಿ. ಆಗ ಮೆಣಸಿನ ಕಾಲ. ಯಸಳೂರಿನ ಕಡೆಯ ನಮ್ಮ ಚೂರು ತೋಟದ ಮೆಣಸು ಒಂದು ಕಡೆ, ಅವರ ದೊಡ್ಡ ರಾಶಿ ಇನ್ನೊಂದು ಕಡೆ, ನಡುವೆ ಖಾಲಿ ಬಿಟ್ಟು ಇಟ್ಟಿಗೆಯ ಸಾಲು. ಆಕೆ ಗೋರುಮಣೆ ಹಿಡಿದು ಮೆಣಸು ಆಡಿಸುತ್ತಿದ್ದರು. ನಾನು ಮೆಟ್ಟಿಲು ಹತ್ತುವಾಗ ನಾಲ್ಕು ಮಾತು ಜೋಡಿಸಿಕೊಂಡಿದ್ದೆ. ಮೇಲೆ ಹೋಗುವಷ್ಟರಲ್ಲಿ ಮೂರು ಬಿದ್ದುಹೋಗಿದ್ದವು. ಇಟ್ಟಿಗೆಯ ಸಾಲನ್ನು ನೋಡುತ್ತಲೇ ಹೇಳಿದೆ.

"ಇಲ್ಲಿ ನಡುವೆ ಜಾಗ ಬಿಟ್ಟಿದೀವಲ್ಲ ಅಕ್ಕ, ಆ ಡಬ್ಬಕ್ಕೂ ಹಂಗೇ ಬಿಡ್ಬೇಕಂತೆ. ಈಗ ನಿಮ್ಮ ಮೆಣಸು ನಮ್ಮ ಮೆಣಸು ಒಂದೇ ಚಾಪೆ ಮೇಲೆ ಬಿದ್ದೈತೆ. ಇವತ್ತು ಫೈಲ್ ಹೋಗ್ಲಿಲ್ಲ ಅಂದ್ರೆ ನಮ್ಮ ಹುಡುಗಿ ಮಗೂನ ಬಿಟ್ಟು ಮಂಗಳೂರಿಗೆ ಹೋಗ್ಬೇಕು."

ಆಕೆ ಗೋರುಮಣೆ ನಿಲ್ಲಿಸಿದರು. ಬೈಗುಳ ಬರುತ್ತದೆಂದು ನಾನು ಸೆರಗು ಬಿಗಿ ಹಿಡಿದೆ.

"ಮೊದ್ಲೇ ಹೇಳಕ್ಕೆ ಏನಾಗಿತ್ತು ನಿಮಗೆ? ನಂಗೇನ್ ಗೊತ್ತೈತೆ ಹೇಳಿ. ಯಾವ ನಂಬರ್ ಬೇಕು ಅಂತಾನೆ ಅವ್ನು. ಗೊತ್ತಿಲ್ಲ ಅಂದ್ರೆ ನಗ್ತಾನೆ. ನಿಮ್ಮನೇಲಿ ಓದಿರೋ ಸೊಸೆ ಅವ್ಳೆ, ಅವ್ಳದ್ದೇ ಹಾಕಪ್ಪ ಅಂದ್ಬುಟ್ರೆ ಮರ್ಯಾದೆ ಉಳೀತೈತೆ."

ಹತ್ತು ವರ್ಷ ನಾನು ಹೊಟ್ಟೆಕಿಚ್ಚು ಎಂದುಕೊಂಡಿದ್ದದ್ದು ಇದು. ಅಂಗಡಿಯವನ ಮುಂದೆ ಬಾಯಿ ಬಿಡಲು ಹೆದರಿ ನಾನು ಬಾಗಿಲ ಹಿಂದೆ ನಿಂತರೆ, ಆಕೆ ನಮ್ಮ ಮಿಕ್ಸಿಯ ಹಿಂದೆ ನಿಂತಿದ್ದರು. ಆ ಬಾಗಿಲಿನ ದರಿದ್ರ ಬಣ್ಣವನ್ನೂ ಆಕೆ ಹಾಗೇ ಹೊತ್ತುಕೊಂಡಿದ್ದರೆಂದು ನೆನೆದು ನನಗೆ ನಾಚಿಕೆಯಾಯಿತು, ನಗುವೂ ಬಂತು.

ಆರನೇ ನಂಬರು ನಿಮಗೇ ಇರಲಿ, ನಮ್ಮ ಸೊಸೆ ಮೊದಲು ಇಟ್ಟುಕೊಂಡಿದ್ದದ್ದು ಅದನ್ನೇ ಎಂದೆ. ಅದು ನಿಜವೇ. ಅವಳು ಆರಿಸಿದ್ದಲ್ಲ, ಮೆಕ್ಯಾನಿಕ್ ಹಾಕಿದ್ದು ಎಂಬುದನ್ನು ಮಾತ್ರ ನುಂಗಿದೆ. ಆಕೆಯ ಮುಖ ಅರಳಿತು. ಅವನು ಬಂದು ಬದಲಾಯಿಸುವವರೆಗೆ ತಮ್ಮ ಡಬ್ಬವನ್ನು ಬಂದ್ ಮಾಡಿಡುವುದಾಗಿ ಹೇಳಿ ಕೆಳಗಿಳಿದವರು ಅರ್ಧ ಮೆಟ್ಟಿಲಲ್ಲಿ ನಿಂತು ತಿರುಗಿದರು.

"ಹೋಳಿಗೆ ನೋಡ್ತಿದ್ದೆ ಕಣಮ್ಮ. ಬೆಲ್ಲಕ್ಕೆ ಬಂದು ನಿಂತೈತೆ, ಅದ್ಕೇ ಮೆಣಸು ಆಡ್ಸೋಕೆ ಮೇಲೆ ಬಂದಿದ್ದೆ. ನಿಮ್ಮ ಹುಡುಗಿ ಕೆಲ್ಸ ಉಳೀಲಿ, ಬೆಲ್ಲ ನಾಳೆ ಹಾಕ್ತೀನಿ."

ಫೈಲು ಹನ್ನೆರಡೂಕಾಲಿಗೆ ಹೋಯಿತು. ಯಾರದ್ದೋ ಪಿತ್ತಕೋಶದ ಸಮಾಚಾರ, ಪುಣ್ಯಾತ್ಮ ಎಲ್ಲಿದ್ದರೂ ಚೆನ್ನಾಗಿರಲಿ. ನಿಮ್ಮಮ್ಮ ಕಿವಿಯದ್ದನ್ನು ಕಿತ್ತಿಟ್ಟು, ಪುಟ್ಟಿ, ನಿನ್ನನ್ನು ಎತ್ತಿಕೊಂಡು ಕೋಣೆಯಲ್ಲೇ ಒಂದು ಸುತ್ತು ತಿರುಗಿದಳು. ಮಂಗಳೂರಿನ ಮಾತು ಆಮೇಲೆ ಈ ಮನೆಯಲ್ಲಿ ಬರಲಿಲ್ಲ. ಮರುದಿನ ಗೋಡೆಯ ಆಚೆಯಿಂದ ಹೋಳಿಗೆ ಬಂತು. ಗಟ್ಟಿಯಾಗಿತ್ತು. ಹೊಗಳಿ ತಿಂದೆವು.

ನೀವು ಈಗ ಐದು ನಿಮಿಷದಲ್ಲಿ ಫೋನಿನಲ್ಲೇ ಚಾನೆಲ್ ಬದಲಾಯಿಸುತ್ತೀರಿ, ಗೋಡೆಯ ಆಚೆ ಯಾರಿದ್ದಾರೆಂದು ನೋಡುವುದಿಲ್ಲ. ನೋಡಿ. ಈ ಹಾಳೆಗಳನ್ನು ಅಡುಗೆಮನೆಯ ಅಟ್ಟದಲ್ಲಿರುವ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಇಟ್ಟುಕೊಳ್ಳಿ. ಮುಚ್ಚಳ ಬಿಗಿಯಾಗಿರಲಿ. ವೈರನ್ನೇ ತಿಂದ ಇಲಿಗಳ ಮೊಮ್ಮಕ್ಕಳು ಇನ್ನೂ ಈ ಮನೆಯಲ್ಲೇ ಇವೆ, ಅವಕ್ಕೆ ಅಜ್ಜಿಯ ಕಾಗದವೆಂಬ ಮರ್ಯಾದೆ ಇಲ್ಲ.