ಚೇಳಿನ ಕಾಲು ಎಣಿಸಿದ ದಿನ

ಶಾಲೆಯಲ್ಲಿ ನನಗೆ ಕಲಿಸಿದ ವಿಜ್ಞಾನದ ಮಾಸ್ತರರ ಮೇಲಿನ ಸಿಟ್ಟಿನ ಮಾತು ನಿನ್ನೆ ಬರೆಯುತ್ತ ಅರ್ಧಕ್ಕೇ ನಿಂತಿತ್ತು ನೋಡಿ. ಇವತ್ತು ಬಚ್ಚಲಲ್ಲಿ ಚೇಳು ಕಂಡಿತು, ಮತ್ತೆ ನೆನಪಾಯಿತು.

ಜಮಖಂಡಿಯಲ್ಲಿ ಆಗ ಸಂಸ್ಥಾನದ ಆಳ್ವಿಕೆ. ಚೇಳೂ ಕೀಟವೇ, ಅದಕ್ಕೂ ಆರೇ ಕಾಲು ಎಂದು ಮಾಸ್ತರರು ಪಾಠ ಮಾಡಿದರು. ಊರವರೆಲ್ಲ ಚೇಳನ್ನು ಚಪ್ಪಲಿಯಲ್ಲಿ ಜಜ್ಜುವವರೇ, ಕಾಲೆಣಿಸಿದವರು ಯಾರು? ನಮ್ಮದು ಜೈನರ ಮನೆ. ಅವ್ವ ಇಕ್ಕಳದಿಂದ ಹಿಡಿದು, ಗಾಜಿನ ಭರಣಿಗೆ ಹಾಕಿ, ಹೊಲದಲ್ಲಿ ಬಿಟ್ಟು ಬರುತ್ತಿದ್ದಳು. ನಾನು ಎಷ್ಟೋ ಸಲ ಎಣಿಸಿದ್ದೆ.

“ಎಂಟದಾವ್ರಿ, ಸರ” ಎಂದೆ.

“ನನಗ ಕಲಸ್ತೀಯೇನಲೇ?” ಎಂದು ಆರು ಛಡಿ ಏಟು ಕೊಟ್ಟರು. ಪ್ರತಿ ಏಟನ್ನೂ ನಾನೇ ಗಟ್ಟಿಯಾಗಿ ಎಣಿಸಬೇಕಿತ್ತು.

ಶಾಲೆಯ ತಪಾಸಣೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದ ದಿನ ಜೀವಂತ ಚೇಳಿನ ಭರಣಿ ಒಯ್ದು ಮೇಜಿನ ಮೇಲಿಟ್ಟೆ. “ಇದಕ್ಕ ಆರ ಕಾಲಂತ ಸರ ಕಲಿಸ್ಯಾರ್ರಿ.”

ಸಾಹೇಬರು ನಕ್ಕರು. “ಮಾಸ್ತರ, ಎಣಸ್ರಿ ನೋಡೂಣು.”

ಮಾಸ್ತರರು ಬೆವರುತ್ತ ಆರಕ್ಕೆ ನಿಂತರು.

“ನಿಂದರಬ್ಯಾಡ್ರಿ ಸರ, ಇನ್ನೂ ಎರಡ ಅದಾವ” ಎಂದೆ. ಇಡೀ ವರ್ಗ ನಕ್ಕಿತು.

ಮುಂದೆ ಕಾಲೇಜಿನಲ್ಲಿ ಆರ್ಥ್ರೊಪೋಡಾ ಅಂದರೆ ಕೀಲುಗಾಲಿನ ಪ್ರಾಣಿಗಳು, ಚೇಳು ಜೇಡನ ಬಳಗ ಎಂದು ಏನೇನೋ ಓದಿದೆ, ಮರೆತೆ. “ಸತ್ತಹೋದ ಮಾಸ್ತರ ಮ್ಯಾಲ ಇನ್ನೂ ಸಿಟ್ಟ ಯಾಕ್ರಿ, ಬಿಟ್ಟಬಿಡ್ರಿ” ಎಂದು ನನ್ನಾಕೆ ಸಾಯುವ ಮುಂಚೆ ಹೇಳಿದ್ದಳು. ಹೂಂ ಅಂದಿದ್ದೆ. ಅವಳಿಗೆ ನಾನು ಹೇಳಿದ ಸುಳ್ಳು ಅದೊಂದೇ.

ಹೊತ್ತು ಮುಳುಗುತ್ತಿದೆ, ಬರೆಯುವ ಅಕ್ಷರ ಕಾಣುತ್ತಿಲ್ಲ.